ಆಕಾಶದ ಅಳತೆಗೆ ನೆಲದ ಸಾಕ್ಷಿ

ನಂಜನಗೂಡು ತಾಲ್ಲೂಕಿನ ಬದನವಾಳಿನ ಸೀಮೆಗೆ ಎರಡು ಮಳೆಗಳ ಲೆಕ್ಕ ಬೇಕು. ಒಂದು, ಅಲ್ಲಿನ ಬೆದ್ದಲು ಹೊಲದ ಮೇಲೆ ನೇರವಾಗಿ ಬೀಳುವ ಮಳೆ. ಇನ್ನೊಂದು, ಸುಮಾರು ನೂರು ಕಿಲೋಮೀಟರ್ ಆಚೆ ವಯನಾಡಿನ ಬೆಟ್ಟಗಳಲ್ಲಿ ಸುರಿದು, ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯಲ್ಲಿ ನಿಂತು, ಕಬಿನಿ ಎಂದೂ ಕರೆಯುವ ಕಪಿಲೆಯಾಗಿ ನಂಜನಗೂಡನ್ನು ಹಾದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಮಳೆ. ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳು ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿವೆ. ವರ್ಷಕ್ಕೆ ಏಳೆಂಟು ನೂರು ಮಿಲಿಮೀಟರ್ ಬಿದ್ದರೆ ಅದೇ ಒಳ್ಳೆಯ ವರ್ಷ. ಅದರಲ್ಲೂ ದೊಡ್ಡ ಪಾಲು ಬರುವುದು ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ, ಆಮೇಲೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಮಲೆನಾಡು ತೊಯ್ದು ತೊಪ್ಪೆಯಾಗುವ ಜುಲೈನಲ್ಲಿ ಇಲ್ಲಿ ಗಾಳಿಯ ಅಬ್ಬರವೇ ಹೆಚ್ಚು, ನಡುನಡುವೆ ಒಂದಿಷ್ಟು ತುಂತುರು. ಅದೇ ಮುಂಗಾರಿನಲ್ಲಿ ವಯನಾಡಿನ ಪಶ್ಚಿಮದ ಅಂಚಿನಲ್ಲಿ ಸಾವಿರಾರು ಮಿಲಿಮೀಟರ್ ಸುರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಒಂದು ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಾಗ ನಂಜನಗೂಡಿನ ಮಲ್ಲನಮೂಲೆಯ ಬಳಿ ಹೆದ್ದಾರಿ ಮುಳುಗಿತು. ಆ ನೆರೆ ಬಂದದ್ದು ನಂಜನಗೂಡಿನ ಮೇಲೆ ಬಿದ್ದ ಮಳೆಯಿಂದಲ್ಲ, ರಾಜ್ಯದ ಗಡಿಯಾಚೆ ಬಿದ್ದ ಮಳೆಯಿಂದ.

ಈ ಎರಡು ಮಳೆಗಳನ್ನೂ ಒಂದೇ ಕಣ್ಣಿನಿಂದ ಅಳೆಯಬಹುದು ಎಂಬ ಭರವಸೆಯನ್ನು ಉಪಗ್ರಹಗಳು ಕೊಟ್ಟು ಕಾಲು ಶತಮಾನ ಕಳೆದಿದೆ. ಆ ಭರವಸೆಯಲ್ಲಿ ಎಷ್ಟು ಈಡೇರಿದೆ, ಎಷ್ಟು ಉಳಿದಿದೆ ಎಂದು ನೋಡುವ ಹೊತ್ತು ಈಗ ಬಂದಿದೆ. ಏಕೆಂದರೆ ಉಪಗ್ರಹದ ಮಳೆ ಲೆಕ್ಕ ಇಂದು ಸಂಶೋಧಕರ ಮೇಜಿನ ಮೇಲೆ ಮಾತ್ರ ಇಲ್ಲ. ನೆರೆಯ ಮುನ್ಸೂಚನೆ, ಬರದ ಪರಿಶೀಲನೆ, ಬೆಳೆ ವಿಮೆಯ ಚರ್ಚೆಗಳೊಳಗೂ ಅದು ಕಾಲಿಟ್ಟಿದೆ. ನನ್ನ ವಾದ ಇಷ್ಟು: ಉಪಗ್ರಹ ಮಳೆಯನ್ನು ನೋಡುತ್ತದೆಯೇ ಹೊರತು ನೇರವಾಗಿ ಅಳೆಯುವುದಿಲ್ಲ. ಅದು ನೋಡಿದ್ದು ಮಿಲಿಮೀಟರ್ ಆಗಬೇಕಾದರೆ ನೆಲದ ಮೇಲಿನ ಮಳೆಮಾಪಕದ ಸಾಕ್ಷಿ ಬೇಕೇ ಬೇಕು. ಆದ್ದರಿಂದ ಉಪಗ್ರಹ ಬಂತು, ಇನ್ನು ಮಳೆಮಾಪಕ ಏಕೆ ಎನ್ನುವುದು ತಪ್ಪು. ಉಪಗ್ರಹಗಳು ಹೆಚ್ಚಿದಷ್ಟೂ ಮಳೆಮಾಪಕದ ಬೆಲೆ ಏರುತ್ತದೆ.

ಮೊದಲು ಮಳೆಮಾಪಕವನ್ನೇ ನೋಡೋಣ. ಬಾಯಿ 200 ಚದರ ಸೆಂಟಿಮೀಟರ್ ಇರುವ ಒಂದು ಆಲಿಕೆ. ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದರೊಳಗೆ ಇಳಿಯುವುದು 20 ಮಿಲಿಲೀಟರ್ ನೀರು. ಅದೇ ಒಂದು ಮಿಲಿಮೀಟರ್ ಒಂದು ಎಕರೆ ಹೊಲಕ್ಕೆ ಸುಮಾರು ನಾಲ್ಕು ಸಾವಿರ ಲೀಟರ್. ಹಳೆಯ ಮಾದರಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ಒಬ್ಬರು ಬಂದು ಆ ನೀರನ್ನು ಅಳತೆಯ ಗಾಜಿಗೆ ಸುರಿದು ಬರೆದುಕೊಳ್ಳುತ್ತಾರೆ. ಸ್ವಯಂಚಾಲಿತ ಮಾದರಿಯಲ್ಲಿ ಆಲಿಕೆಯ ಕೆಳಗೆ ಎರಡು ಪುಟ್ಟ ಬಟ್ಟಲುಗಳು ಒಂದೇ ಕೀಲಿನ ಮೇಲೆ ಕೂತಿರುತ್ತವೆ. ಒಂದು ತುಂಬಿದೊಡನೆ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ಪ್ರತಿ ಮಗುಚುವಿಕೆಯೂ ಅರ್ಧ ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ ಮಳೆಯ ಗುರುತು. ಅದು ಮೊಬೈಲ್ ಜಾಲದ ಮೂಲಕ ಕೇಂದ್ರಕ್ಕೆ ಹೋಗುತ್ತದೆ. ಇದರಲ್ಲೂ ದೋಷಗಳಿವೆ. ಎಲೆ ಬಿದ್ದು ಆಲಿಕೆ ಕಟ್ಟಿಕೊಳ್ಳುತ್ತದೆ, ಇರುವೆ ಗೂಡು ಮಾಡುತ್ತದೆ, ಜೋರು ಗಾಳಿಗೆ ಹನಿಗಳು ಬಾಯಿ ತಪ್ಪಿ ಆಚೆ ಬೀಳುತ್ತವೆ. ಆದರೂ ನೆಲಕ್ಕೆ ಬಂದ ನೀರನ್ನೇ ಹಿಡಿದು ಅಳೆಯುವ ಸಾಧನ ಇದೊಂದೇ.

ಇದರ ನಿಜವಾದ ಮಿತಿ ದೋಷದಲ್ಲಿಲ್ಲ, ವ್ಯಾಪ್ತಿಯಲ್ಲಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರದ ಉಸ್ತುವಾರಿಗೆಂದೇ ಹುಟ್ಟಿದ್ದು. ಇಂದು ಅದು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸುಮಾರು 6,500 ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ನಡೆಸುತ್ತಿದೆ. ಹದಿನೈದು ನಿಮಿಷಕ್ಕೊಮ್ಮೆ ಅವುಗಳ ಅಂಕಿ ಬರುತ್ತದೆ. ದೇಶದಲ್ಲೇ ದಟ್ಟವಾದ ಜಾಲಗಳಲ್ಲಿ ಇದೂ ಒಂದು. ಒಂದೊಂದರ ಬಾಯಿ 200 ಚದರ ಸೆಂಟಿಮೀಟರ್ ಎಂದು ಹಿಡಿದು ಎಲ್ಲವನ್ನೂ ಕೂಡಿಸಿದರೆ 130 ಚದರ ಮೀಟರ್, ಅಂದರೆ ಮೂವತ್ತು–ನಲವತ್ತರ ಒಂದು ಸೈಟಿಗಿಂತ ಸ್ವಲ್ಪ ಹೆಚ್ಚು. ಸುಮಾರು 1,91,791 ಚದರ ಕಿಲೋಮೀಟರ್ ವಿಸ್ತಾರದ ರಾಜ್ಯದ ಮಳೆಯನ್ನು ನಾವು ತಿಳಿಯುವುದು ಅಷ್ಟು ಜಾಗದಲ್ಲಿ ಬಿದ್ದ ನೀರಿನಿಂದ. ಇಡೀ ಜಗತ್ತಿನ ಮಳೆಮಾಪಕಗಳ ಬಾಯಿಗಳನ್ನು ಸೇರಿಸಿದರೂ ಅರ್ಧ ಫುಟ್‌ಬಾಲ್ ಮೈದಾನ ತುಂಬುವುದಿಲ್ಲ ಎಂದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತು. ಭೂಮಿಯ ಬಹುಪಾಲು ಕಡಲು. ಅಲ್ಲಿ ಮಳೆಮಾಪಕ ನೆಡಲು ನೆಲವೇ ಇಲ್ಲ. ನಮ್ಮ ಮುಂಗಾರಿನ ಮೋಡಗಳು ಕಟ್ಟುವುದು ಅರಬ್ಬಿ ಸಮುದ್ರದ ಮೇಲೆಯೇ. ಉಪಗ್ರಹದ ಅಗತ್ಯ ಹುಟ್ಟಿದ್ದು ಈ ಕೊರತೆಯಿಂದ.

ಆಕಾಶದಿಂದ ಮಳೆ ತಿಳಿಯುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಅವಗೆಂಪು ಕಿರಣದ್ದು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಒಂದೇ ಕಡೆ ನೆಲೆನಿಂತಂತೆ ಕಾಣುವ ಇನ್ಸಾಟ್ ಉಪಗ್ರಹಗಳು ಮೋಡದ ನೆತ್ತಿ ಎಷ್ಟು ತಣ್ಣಗಿದೆ ಎಂದು ನೋಡುತ್ತವೆ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ಇವನ್ನು ನಡೆಸುತ್ತದೆ. 2013ರಲ್ಲಿ ಇನ್ಸಾಟ್-3ಡಿ, 2016ರಲ್ಲಿ 3ಡಿಆರ್, 2024ರಲ್ಲಿ 3ಡಿಎಸ್ ಮೇಲೇರಿದವು. ಮೋಡ ಎತ್ತರಕ್ಕೆ ಬೆಳೆದಷ್ಟೂ ಅದರ ನೆತ್ತಿ ತಣ್ಣಗಾಗುತ್ತದೆ. ಎತ್ತರದ ಮೋಡ ಹೆಚ್ಚು ಮಳೆ ಸುರಿಸುತ್ತದೆ ಎಂಬುದು ಇಲ್ಲಿನ ಊಹೆ. ಹಳೆಯ ಒಂದು ಸೂತ್ರದ ಪ್ರಕಾರ ನೆತ್ತಿಯ ಉಷ್ಣತೆ 235 ಕೆಲ್ವಿನ್‌ಗಿಂತ, ಅಂದರೆ ಸೊನ್ನೆಗಿಂತ 38 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದರೆ ಗಂಟೆಗೆ ಮೂರು ಮಿಲಿಮೀಟರ್ ಮಳೆ ಎಂದು ಬರೆದುಕೊಳ್ಳುವುದು. ಕಡಲಿನ ಮೇಲೆ, ತಿಂಗಳ ಸರಾಸರಿಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಒಂದು ಊರಿನ ಒಂದು ಸಂಜೆಯ ಮಳೆಗೆ ಹೊಂದುವುದಿಲ್ಲ. ತೆಳುವಾದ ಎತ್ತರದ ಮೋಡ ತಣ್ಣಗಿದ್ದರೂ ಒಂದು ಹನಿ ಉದುರಿಸದೆ ಹೋಗಬಹುದು. ತಗ್ಗಿನ ಬೆಚ್ಚನೆಯ ಮೋಡ ದಿನವಿಡೀ ಸುರಿಯಬಹುದು. ಈ ದಾರಿಯ ಬಲವೆಂದರೆ ಎಡೆಬಿಡದ ಕಾವಲು. ಅರ್ಧ ಗಂಟೆಗೊಮ್ಮೆಯಾದರೂ ಚಿತ್ರ ಸಿಗುತ್ತದೆ.

ಎರಡನೆಯ ದಾರಿ ಮೈಕ್ರೋವೇವ್‌ನದು. ಮಳೆಹನಿಗಳು ತಾವೇ ಹೊರಸೂಸುವ, ಮೋಡದೊಳಗಿನ ಮಂಜುಗಡ್ಡೆಯ ಹರಳುಗಳು ಚದುರಿಸುವ ಮೈಕ್ರೋವೇವ್ ವಿಕಿರಣವನ್ನು ಮೇಲಿನಿಂದ ಅಳೆಯುವುದು ಇದರ ಬಗೆ. ಮೋಡದ ನೆತ್ತಿಯನ್ನಲ್ಲ, ಅದರ ಒಡಲನ್ನು ನೋಡುವ ವಿಧಾನವಿದು. ಭಾರತ ಈ ದಾರಿಯಲ್ಲಿ ಬೇಗನೆ ಹೆಜ್ಜೆ ಇಟ್ಟಿತು. 1979ರ ಭಾಸ್ಕರ-1, 1981ರ ಭಾಸ್ಕರ-2 ಉಪಗ್ರಹಗಳಲ್ಲಿ ಸಮೀರ್ ಎಂಬ ಮೈಕ್ರೋವೇವ್ ಮಾಪಕವಿತ್ತು. ಅದು ಕಡಲಿನ ಮೇಲಿನ ನೀರಾವಿಯನ್ನೂ ಮೋಡದ ನೀರನ್ನೂ ಅಂದಾಜು ಮಾಡಿತು. 2011ರ ಅಕ್ಟೋಬರ್ 12ರಂದು ಇಸ್ರೋ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಸೇರಿ ಕಟ್ಟಿದ ಮೇಘಾ-ಟ್ರಾಪಿಕ್ಸ್ ಶ್ರೀಹರಿಕೋಟಾದಿಂದ ಹಾರಿತು. ಅದರ ಕಕ್ಷೆ ಸಮಭಾಜಕಕ್ಕೆ ಕೇವಲ 20 ಡಿಗ್ರಿ ಓರೆ. ಧ್ರುವಗಳನ್ನು ಹಾಯುವ ಒಂದು ಉಪಗ್ರಹ ಒಂದು ಊರನ್ನು ದಿನಕ್ಕೆ ಒಂದೆರಡು ಸಲ ನೋಡಿದರೆ, ಇದು ಉಷ್ಣವಲಯವನ್ನು ದಿನಕ್ಕೆ ಹಲವು ಬಾರಿ ನೋಡಬಲ್ಲದಾಗಿತ್ತು. ಬದನವಾಳು ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ, ಅಂದರೆ ಈ ಉಪಗ್ರಹ ಯಾವ ಪಟ್ಟಿಗಾಗಿ ಹುಟ್ಟಿತೋ ಅದೇ ಪಟ್ಟಿಯಲ್ಲಿ. ಆದರೆ ಮಳೆ ಅಳೆಯುವ ಮುಖ್ಯ ಉಪಕರಣ ಮದ್ರಾಸ್ 2013ರ ಜನವರಿಯಲ್ಲಿ ಕೆಟ್ಟು ನಿಂತಿತು. ಆರ್ದ್ರತೆಯನ್ನು ಅಳೆಯುವ ಸಫೀರ್ ಉಪಕರಣ ಆಮೇಲೂ ಬಹುಕಾಲ ದುಡಿಯಿತು. ಅದರ ಅಂಕಿಗಳು ಜಗತ್ತಿನ ಮಳೆ ನಕ್ಷೆಗಳಿಗೂ ಒದಗಿದವು. 2023ರ ಮಾರ್ಚ್ 7ರಂದು ಇಸ್ರೋ ಆ ಉಪಗ್ರಹವನ್ನು ನಿಯಂತ್ರಿತವಾಗಿ ಶಾಂತ ಸಾಗರದ ಮೇಲೆ ಇಳಿಸಿ ಮುಗಿಸಿತು.

ಮೂರನೆಯ ದಾರಿ ರೇಡಾರಿನದು. ಅಮೆರಿಕದ ನಾಸಾ ಮತ್ತು ಜಪಾನ್ ಒಟ್ಟಾಗಿ 1997ರ ನವೆಂಬರ್‌ನಲ್ಲಿ ತನೆಗಾಶಿಮಾದಿಂದ ಹಾರಿಸಿದ ಟಿಆರ್‌ಎಂಎಂ ಉಪಗ್ರಹ, ಮಳೆ ಅಳೆಯುವ ರೇಡಾರನ್ನು ಮೊದಲ ಬಾರಿಗೆ ಬಾಹ್ಯಾಕಾಶಕ್ಕೆ ಒಯ್ದಿತು. ಮೂರು ವರ್ಷಕ್ಕೆಂದು ಕಟ್ಟಿದ್ದು 2015ರ ಏಪ್ರಿಲ್‌ವರೆಗೆ, ಹದಿನೇಳು ವರ್ಷ ದುಡಿಯಿತು. ಅದರ ಜಾಗಕ್ಕೆ 2014ರ ಫೆಬ್ರವರಿಯಲ್ಲಿ ಬಂದದ್ದು ಜಿಪಿಎಂ. ನಾಲ್ಕು ನೂರು ಕಿಲೋಮೀಟರ್‌ಗೂ ಹೆಚ್ಚು ಎತ್ತರದಿಂದ ಅದು ಮೈಕ್ರೋವೇವ್ ಮಿಡಿತವನ್ನು ಕೆಳಗೆ ಕಳಿಸುತ್ತದೆ. ಮಳೆಹನಿಗೆ ತಾಕಿ ಅದು ಹಿಂದಿರುಗಲು ಹಿಡಿಯುವುದು ಸುಮಾರು ಮೂರು ಮಿಲಿಸೆಕೆಂಡ್. ಹಿಂದಿರುಗಲು ಹಿಡಿದ ಹೊತ್ತಿನಿಂದ ಹನಿ ಎಷ್ಟು ಎತ್ತರದಲ್ಲಿದೆ ಎಂದೂ, ಪ್ರತಿಧ್ವನಿಯ ಬಲದಿಂದ ಮಳೆ ಎಷ್ಟೆಂದೂ ಲೆಕ್ಕ ಹಾಕುತ್ತಾರೆ. ಇಲ್ಲೊಂದು ತೊಡಕಿದೆ. ಪ್ರತಿಧ್ವನಿ ಹನಿಯ ವ್ಯಾಸದ ಆರನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಎರಡು ಮಿಲಿಮೀಟರ್ ಹನಿಯೊಂದು ಒಂದು ಮಿಲಿಮೀಟರ್ ಹನಿಗಿಂತ 64 ಪಟ್ಟು ಜೋರಾಗಿ ಉತ್ತರಿಸುತ್ತದೆ, ಆದರೆ ಅದರಲ್ಲಿರುವ ನೀರು ಎಂಟು ಪಟ್ಟು ಮಾತ್ರ. ಮೇ ತಿಂಗಳ ಗುಡುಗು ಮಳೆಯ ದಪ್ಪ ಹನಿಗೂ ಜುಲೈನ ಸಣ್ಣ ಹನಿಗೂ ಒಂದೇ ಸೂತ್ರ ಬಳಸಿದರೆ ಲೆಕ್ಕ ತಪ್ಪುತ್ತದೆ. ಜಿಪಿಎಂ ರೇಡಾರಿಗೆ ಎರಡು ತರಂಗಾಂತರ ಕೊಟ್ಟದ್ದು ಈ ಕಾರಣಕ್ಕೆ: ಎರಡು ಉತ್ತರಗಳ ವ್ಯತ್ಯಾಸದಿಂದ ಹನಿಯ ಗಾತ್ರವನ್ನು ಊಹಿಸಬಹುದು.

ರೇಡಾರ್ ಇಷ್ಟು ನಿಖರವಾದರೆ ಅದೊಂದೇ ಸಾಲದೇ ಎಂದು ಕೇಳಬಹುದು. ಅದರ ದಾರಿಯನ್ನು ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಜಿಪಿಎಂ ರೇಡಾರ್ ಒಮ್ಮೆ ಹಾದಾಗ ನೋಡುವ ಪಟ್ಟಿಯ ಅಗಲ ಸುಮಾರು ಇನ್ನೂರೈವತ್ತು ಕಿಲೋಮೀಟರ್. ದಿನಕ್ಕೆ ಹದಿನೈದೂವರೆ ಸುತ್ತು ಹಾಕಿದರೂ 12 ಡಿಗ್ರಿ ಅಕ್ಷಾಂಶದ ಒಂದು ಊರು ಆ ಪಟ್ಟಿಯೊಳಗೆ ಬರುವುದು ಸರಾಸರಿ ನಾಲ್ಕೈದು ದಿನಕ್ಕೊಮ್ಮೆ. ಏಪ್ರಿಲ್‌ನ ಗುಡುಗು ಮಳೆ ಒಂದು ಗಂಟೆಯಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ರೇಡಾರ್ ಉಳಿದವುಗಳನ್ನು ತಿದ್ದುವ ಅಳತೆಗೋಲಾಗುತ್ತದೆಯೇ ಹೊರತು ದಿನದ ಲೆಕ್ಕ ಬರೆಯುವ ಕೆಲಸ ಅದಕ್ಕೆ ಆಗದು. ಐಮರ್ಗ್ ಎಂಬ ನಾಸಾದ ಮಳೆ ನಕ್ಷೆ ಮೂರೂ ದಾರಿಗಳನ್ನು ಹೆಣೆಯುತ್ತದೆ: ರೇಡಾರ್ ತಿದ್ದಿದ ಮೈಕ್ರೋವೇವ್ ಅಂಕಿ, ಅವುಗಳ ನಡುವಿನ ಖಾಲಿ ಹೊತ್ತು ತುಂಬಲು ಮೋಡದ ಚಲನೆಯ ಲೆಕ್ಕ, ಅವಗೆಂಪಿನ ನೆರವು. ಅರ್ಧ ಗಂಟೆಗೊಂದರಂತೆ, ಒಂದು ಡಿಗ್ರಿಯ ಹತ್ತನೇ ಒಂದು ಭಾಗದ ಚೌಕಗಳಲ್ಲಿ ಅದು ಮಳೆ ಬರೆಯುತ್ತದೆ. ಮೊದಲ ಲೆಕ್ಕ ಕೆಲವೇ ಗಂಟೆಗಳಲ್ಲಿ ಬರುತ್ತದೆ. ಕೊನೆಯ, ಹೆಚ್ಚು ನಂಬಲರ್ಹವಾದ ಲೆಕ್ಕ ಬರಲು ಮೂರು ತಿಂಗಳಿಗೂ ಹೆಚ್ಚು ಬೇಕು. ಆ ವಿಳಂಬಕ್ಕೆ ದೊಡ್ಡ ಕಾರಣವೆಂದರೆ ನೆಲದ ಮಳೆಮಾಪಕಗಳ ತಿಂಗಳ ಅಂಕಿ ಬರುವವರೆಗೆ ಕಾಯುವುದು. ನಮ್ಮ ಹವಾಮಾನ ಇಲಾಖೆಯೂ ಉಪಗ್ರಹ ಮತ್ತು ಮಳೆಮಾಪಕವನ್ನು ಬೆಸೆದೇ ದಿನದ ಮಳೆ ನಕ್ಷೆ ಮಾಡುತ್ತದೆ. ಉಪಗ್ರಹದ ಅಂತಿಮ ತೀರ್ಪು ಹೊರಡುವ ಮುನ್ನ ನೆಲದ ಸಾಕ್ಷಿ ಕೇಳಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ಈಗ ಬದನವಾಳಿನ ಎರಡು ಮಳೆಗಳಿಗೆ ಬರೋಣ. ಘಟ್ಟದ ಮಳೆಯನ್ನು ಉಪಗ್ರಹಗಳು ಕಡಿಮೆ ಅಂದಾಜಿಸುತ್ತವೆ, ಮಳೆ ನೆರಳಿನ ಮಳೆಯನ್ನು ಹಲವು ಬಾರಿ ಹೆಚ್ಚು ಅಂದಾಜಿಸುತ್ತವೆ ಎಂದು ದಕ್ಷಿಣ ಭಾರತದ ಮೇಲಿನ ಹೋಲಿಕೆಯ ಅಧ್ಯಯನಗಳು ತೋರಿಸಿವೆ. ಕಾರಣ ಭೌತಶಾಸ್ತ್ರದಲ್ಲೇ ಇದೆ. ಮುಂಗಾರಿನ ತೇವದ ಗಾಳಿ ಘಟ್ಟಕ್ಕೆ ಬಡಿದು ಏರಿದಾಗ ಕಟ್ಟುವ ಮೋಡಗಳಲ್ಲಿ ಬಹಳಷ್ಟು ತಗ್ಗಿನವು. ನೀರು ಹೆಪ್ಪುಗಟ್ಟುವ ಮಟ್ಟ ಇರುವುದು ಸುಮಾರು ಐದು ಕಿಲೋಮೀಟರ್ ಎತ್ತರದಲ್ಲಿ. ಅದನ್ನು ಹೆಚ್ಚು ದಾಟದೆ, ಹನಿಗೆ ಹನಿ ಕೂಡಿಯೇ ಅವು ಧಾರಾಕಾರ ಸುರಿಯುತ್ತವೆ. ನೆತ್ತಿ ಬೆಚ್ಚಗಿರುವುದರಿಂದ ಅವಗೆಂಪು ಅವನ್ನು ಗಣನೆಗೆ ತರುವುದಿಲ್ಲ. ಕಡಲಿನ ಮೇಲೆ ಹಿನ್ನೆಲೆ ತಂಪಾಗಿ ಕಾಣುವುದರಿಂದ ಹನಿಗಳ ಹೊಳಪು ಮೈಕ್ರೋವೇವ್‌ಗೆ ಎದ್ದು ತೋರುತ್ತದೆ. ನೆಲದ ಮೇಲೆ ಹಿನ್ನೆಲೆಯೇ ಪ್ರಖರವಾಗಿರುವುದರಿಂದ ಅದು ಮುಖ್ಯವಾಗಿ ಮಂಜುಗಡ್ಡೆಯ ಹರಳುಗಳನ್ನು ನೆಚ್ಚಬೇಕು, ಈ ಮೋಡಗಳಲ್ಲಿ ಅವೇ ಕಡಿಮೆ. ರೇಡಾರಿಗೂ ನೆಲದ ಪ್ರತಿಧ್ವನಿ ಬೆರೆತು ಕೆಳಗಿನ ಒಂದೆರಡು ಕಿಲೋಮೀಟರ್ ಮಸುಕಾಗುತ್ತದೆ. ಬೆಟ್ಟಗಳಲ್ಲಿ ಈ ಮಸುಕು ಇನ್ನೂ ಹೆಚ್ಚು. ಘಟ್ಟ ಇಳಿದು ಮೈಸೂರು ಬಯಲಿಗೆ ಬಂದರೆ ಇದಕ್ಕೆ ತದ್ವಿರುದ್ಧ. ಮೋಡದೊಳಗೆ ಹನಿ ಕಾಣುತ್ತದೆ, ಆದರೆ ಒಣಗಾಳಿಯಲ್ಲಿ ಇಳಿಯುತ್ತಾ ಅದರ ಒಂದು ಪಾಲು ನೆಲ ಮುಟ್ಟುವ ಮುನ್ನವೇ ಆವಿಯಾಗುತ್ತದೆ. ಉಪಗ್ರಹ ಬರೆದ ಮಳೆ ರೈತನ ಸಾಲಿಗೆ ಇಳಿದಿರುವುದಿಲ್ಲ.

ಇದರ ಪರಿಣಾಮ ಸಣ್ಣದಲ್ಲ. ಬರ ಘೋಷಣೆಗೆ ಕೇಂದ್ರದ ಕೈಪಿಡಿ ನೋಡುವ ಮೊದಲ ಅಂಶಗಳು ಮಳೆಯ ಕೊರತೆ ಮತ್ತು ಒಣ ಅವಧಿ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತನಿಗೆ ಪರಿಹಾರ ಬರುತ್ತದೋ ಇಲ್ಲವೋ ಎಂಬುದು ಪಂಚಾಯಿತಿಯ ಮಳೆಮಾಪಕದ ಅಂಕಿಯ ಮೇಲೆ ನಿಂತಿದೆ. ಐಮರ್ಗ್‌ನ ಒಂದು ಚೌಕ ಈ ಅಕ್ಷಾಂಶದಲ್ಲಿ ಸುಮಾರು 120 ಚದರ ಕಿಲೋಮೀಟರ್. ಅದರೊಳಗೆ ಹಲವು ಊರುಗಳು ಸೇರುತ್ತವೆ. ಗುಡುಗು ಮಳೆ ಒಂದು ಊರಿನ ಕೆರೆ ತುಂಬಿಸಿ ಪಕ್ಕದೂರಿನ ದೂಳನ್ನೂ ಅಡಗಿಸದೆ ಹೋಗುವುದು ಈ ಸೀಮೆಯಲ್ಲಿ ವಾಡಿಕೆ. ಚೌಕದ ಸರಾಸರಿ ಎರಡೂ ಊರಿಗೆ ಒಂದೇ ಅಂಕಿ ಕೊಡುತ್ತದೆ, ಮಳೆ ಕಾಣದ ಊರಿಗೆ ಅದು ಅನ್ಯಾಯ. ಹೀಗಾಗಿ ಹೊಲದ ಮಳೆಯ ಬಗ್ಗೆ, ಅದರಲ್ಲೂ ಹಣದ ತೀರ್ಮಾನಕ್ಕೆ, ಉಪಗ್ರಹದ ಅಂಕಿಯೊಂದೇ ಆಧಾರವಾಗಕೂಡದು.

ಇದಕ್ಕೆ ಮೂರು ಆಕ್ಷೇಪಗಳು ಬರುತ್ತವೆ, ಮೂರಕ್ಕೂ ಉತ್ತರ ಕೊಡಬೇಕು. ಮೊದಲನೆಯದು ಈ ವಾದದ ಇನ್ನೊಂದು ತುದಿಯಿಂದ: ಮಳೆಮಾಪಕ ಇಷ್ಟು ಒಳ್ಳೆಯದಾದರೆ, ಕರ್ನಾಟಕದಲ್ಲಿ ಅವು ಇಷ್ಟು ದಟ್ಟವಾಗಿದ್ದರೆ, ಉಪಗ್ರಹಕ್ಕೆ ಹಣ ಏಕೆ? ಏಕೆಂದರೆ ನಮ್ಮ ಜಾಲ ನಮ್ಮ ಗಡಿಗೆ ನಿಲ್ಲುತ್ತದೆ, ಮಳೆ ನಿಲ್ಲುವುದಿಲ್ಲ. ಕಪಿಲೆ ಹುಟ್ಟುವುದು ಕೇರಳದಲ್ಲಿ, ಮೋಡ ಹುಟ್ಟುವುದು ಕಡಲಿನಲ್ಲಿ. ವಯನಾಡಿನ ಮೇಲೆ ಉಪಗ್ರಹ ಮಳೆಯನ್ನು ಕಡಿಮೆ ಅಂದಾಜಿಸಿದರೂ, ಮಳೆ ಏರುತ್ತಿದೆಯೋ ಇಳಿಯುತ್ತಿದೆಯೋ, ಎಷ್ಟು ವಿಸ್ತಾರದಲ್ಲಿ ಸುರಿಯುತ್ತಿದೆ ಎಂಬುದನ್ನು ಅದು ಗಡಿಯ ಹಂಗಿಲ್ಲದೆ ಹೇಳುತ್ತದೆ. ತಪ್ಪು ಒಂದೇ ದಿಕ್ಕಿಗೆ ವಾಲುತ್ತದೆ ಎಂದು ಗೊತ್ತಿದ್ದರೆ ಅದನ್ನು ತಿದ್ದಲೂಬಹುದು. ನೆಲದ ರೇಡಾರ್ ಈ ಕೆಲಸವನ್ನು ಪೂರ್ತಿ ಮಾಡಲಾರದು. ಕೊಚ್ಚಿಯ ರೇಡಾರಿನಿಂದ ಬದನವಾಳು ಸುಮಾರು 240 ಕಿಲೋಮೀಟರ್. ಭೂಮಿಯ ಬಾಗಿನಿಂದಾಗಿ ಅಷ್ಟು ದೂರದಲ್ಲಿ ಅದರ ಕಿರಣ ನೆಲದಿಂದ ಐದು ಕಿಲೋಮೀಟರ್‌ಗೂ ಮೇಲೆ ಹಾಯುತ್ತದೆ, ನಡುವೆ ಘಟ್ಟವೂ ಅಡ್ಡ. ಮಳೆಮಾಪಕ ಕೆಟ್ಟಾಗ ಹಿಡಿಯುವುದಕ್ಕೂ ಉಪಗ್ರಹ ಬೇಕು. ಸುತ್ತಲಿನ ಊರುಗಳೂ ಆಕಾಶದ ನಕ್ಷೆಯೂ ಮಳೆ ತೋರಿಸುವಾಗ ಒಂದು ಪಂಚಾಯಿತಿಯಲ್ಲಿ ಸೊನ್ನೆ ಬಂದರೆ, ಆಲಿಕೆ ಕಟ್ಟಿಕೊಂಡಿದೆಯೇ ಎಂದು ನೋಡಲು ಜನ ಕಳಿಸಬೇಕು.

ಎರಡನೆಯ ಆಕ್ಷೇಪ: ಮಳೆಮಾಪಕವನ್ನು ಮನುಷ್ಯರು ಕೆಡಿಸಬಹುದು, ಉಪಗ್ರಹವನ್ನು ಯಾರೂ ಮುಟ್ಟಲಾರರು, ಆದ್ದರಿಂದ ವಿಮೆಗೆ ಅದೇ ನಿಷ್ಪಕ್ಷಪಾತ. ಇದರಲ್ಲಿ ಹುರುಳಿದೆ. ಆದರೆ ಯಾರ ಕೈಯೂ ಸೋಕದ ಅಂಕಿಯೂ ತಪ್ಪಾಗಿರಬಹುದು. ಮಳೆಮಾಪಕದ ತಪ್ಪನ್ನು ಊರಿನವರು ಕಣ್ಣಾರೆ ನೋಡಿ ದೂರಬಲ್ಲರು: ಬೇಲಿ ಮುರಿದಿದೆ, ಮರ ಬೆಳೆದು ಮುಚ್ಚಿದೆ, ನಿನ್ನೆ ಮಳೆ ಬಂದರೂ ಸೊನ್ನೆ ಬರೆದಿದೆ. ಉಪಗ್ರಹದ ಸೂತ್ರದಲ್ಲಿನ ತಪ್ಪನ್ನು ಬದನವಾಳಿನ ರೈತ ಯಾರ ಮುಂದೆ ಪ್ರಶ್ನಿಸಬೇಕು? ತನ್ನ ಪರಿಹಾರ ನಿರ್ಧರಿಸುವ ಅಳತೆಯನ್ನು ಪರೀಕ್ಷಿಸುವ ಹಕ್ಕು ಬೆಳೆಗಾರನಿಗಿರಬೇಕು. ಹಾಗಾಗಿ ಎರಡನ್ನೂ ಒಟ್ಟಿಗೆ ಇಡುವುದೇ ನ್ಯಾಯ. ಎರಡೂ ಹೊಂದಿದರೆ ತಕ್ಷಣ ಇತ್ಯರ್ಥ, ಹೊಂದದಿದ್ದರೆ ಸ್ಥಳ ಪರಿಶೀಲನೆ.

ಮೂರನೆಯ ಆಕ್ಷೇಪ ಇತ್ತೀಚಿನದು: ಕೃತಕ ಬುದ್ಧಿಮತ್ತೆಯಿಂದ ಉಪಗ್ರಹದ ಚೌಕವನ್ನು ಒಂದು ಕಿಲೋಮೀಟರ್‌ವರೆಗೆ ಸಣ್ಣದಾಗಿಸಬಹುದು, ಆಗ ಊರಿಗೊಂದು ಅಂಕಿ ಸಿಗುತ್ತದೆ. ನಕ್ಷೆಯ ಚೌಕ ಸಣ್ಣದಾದ ಮಾತ್ರಕ್ಕೆ ಉಪಕರಣ ಕಂಡದ್ದು ಹೆಚ್ಚಾಗುವುದಿಲ್ಲ. ಇಂಥ ಲೆಕ್ಕದ ಯಂತ್ರಗಳು ಕಲಿಯುವುದು ನಿಜವಾಗಿ ಅಳೆದ ಮಳೆಯಿಂದ. ಆ ಪಾಠ ಸಿಗುವುದು ಮಳೆಮಾಪಕದಿಂದ. ಜಾಲ ತೆಳುವಾದ ಕಡೆ ಯಂತ್ರ ಊಹೆಯನ್ನೇ ನುಣುಪಾಗಿ ತೋರಿಸುತ್ತದೆ. ಇಲ್ಲಿ ಕರ್ನಾಟಕಕ್ಕೆ ಒಂದು ದೊಡ್ಡ ಅನುಕೂಲವಿದೆ. ರಾಜ್ಯದ ವಿಸ್ತಾರವನ್ನು ಮಳೆಮಾಪಕಗಳ ಸಂಖ್ಯೆಯಿಂದ ಭಾಗಿಸಿದರೆ ಒಂದೊಂದಕ್ಕೆ ಬರುವುದು ಸುಮಾರು 30 ಚದರ ಕಿಲೋಮೀಟರ್. ಅಂದರೆ ಉಪಗ್ರಹದ ಒಂದು ಚೌಕದೊಳಗೆ ಸರಾಸರಿ ನಾಲ್ಕು ಮಳೆಮಾಪಕಗಳು. ಉಷ್ಣವಲಯದಲ್ಲಿ ಕಡಲ ತೀರ, ಘಟ್ಟ, ಮಳೆ ನೆರಳು, ಬಯಲು ಇವೆಲ್ಲವನ್ನೂ ಒಂದೇ ಆಡಳಿತದ ಅಡಿಯಲ್ಲಿ ಇಷ್ಟು ದಟ್ಟವಾಗಿ ಅಳೆಯುವ ಜಾಗಗಳು ವಿರಳ. ಜಗತ್ತಿನ ಮಳೆ ಉಪಗ್ರಹಗಳನ್ನು ತಿದ್ದುವ ಪ್ರಯೋಗಶಾಲೆಯಾಗಬಲ್ಲ ನೆಲ ನಮ್ಮಲ್ಲೇ ಇದೆ.

ಹಾಗಾದರೆ ಮಾಡಬೇಕಾದ ಕೆಲಸಗಳು ಸ್ಪಷ್ಟ. ಹದಿನೈದು ನಿಮಿಷದ ಮಳೆ ಅಂಕಿಗಳು, ಹಳೆಯವೂ ಸೇರಿ, ಕಾಲೇಜು ವಿದ್ಯಾರ್ಥಿಯಿಂದ ರೈತ ಸಂಘದವರೆಗೆ ಯಾರಿಗೂ ಅರ್ಜಿಯಿಲ್ಲದೆ, ಶುಲ್ಕವಿಲ್ಲದೆ ಸಿಗಬೇಕು. ಮಳೆಮಾಪಕಗಳ ನಿರ್ವಹಣೆಗೆ ವರ್ಷವರ್ಷವೂ ಹಣ ಮೀಸಲಿರಬೇಕು. ನೆಟ್ಟ ಸಂಖ್ಯೆಗಿಂತ ಸರಿಯಾಗಿ ನಡೆಯುತ್ತಿರುವ ಸಂಖ್ಯೆ ಮುಖ್ಯ. ಕಬಿನಿಯ ಜಲಾನಯನದಲ್ಲಿ ಕರ್ನಾಟಕ ಮತ್ತು ಕೇರಳದ ಮಳೆಮಾಪಕಗಳ ಅಂಕಿ ಒಂದೇ ಕಡೆ, ಅದೇ ಗಂಟೆಯಲ್ಲಿ ಕೂಡಬೇಕು. ಅದರ ಮೇಲೆ ಉಪಗ್ರಹದ ನಕ್ಷೆಯನ್ನು ತಿದ್ದಿ ಹೊದಿಸಿದರೆ ಬೀಚನಹಳ್ಳಿಯಲ್ಲಿ ಗೇಟು ಎತ್ತುವ ಮುನ್ನ ಕೆಳಗಿನ ಊರುಗಳಿಗೆ ಇನ್ನಷ್ಟು ಹೊತ್ತು ಸಿಗುತ್ತದೆ. ಬಾಹ್ಯಾಕಾಶದ ಕಡೆಯಿಂದ ಭಾರತ ಮೇಘಾ-ಟ್ರಾಪಿಕ್ಸ್ ಬಿಟ್ಟ ಜಾಗವನ್ನು ತುಂಬಬೇಕು. ಚೀನಾ 2023ರ ಏಪ್ರಿಲ್‌ನಲ್ಲಿ ಫೆಂಗ್‌ಯುನ್-3ಜಿ ಉಪಗ್ರಹದಲ್ಲಿ ತನ್ನದೇ ಮಳೆ ರೇಡಾರ್ ಹಾರಿಸಿದೆ. ಕೋಟ್ಯಂತರ ಜನರ ಬದುಕು ಮುಂಗಾರನ್ನೇ ನೆಚ್ಚಿರುವ ದೇಶಕ್ಕೆ ಉಷ್ಣವಲಯದ ಮೇಲೆಯೇ ಸುತ್ತುವ ಮಳೆ ಉಪಗ್ರಹವೊಂದು ಮೂಲಭೂತ ಅಗತ್ಯ. ಅದು ಹಾರುವ ದಿನ, ಅದರ ಲೆಕ್ಕವನ್ನು ಒರೆಗೆ ಹಚ್ಚುವ ನೆಲದ ಜಾಲ ಈಗಿನದಕ್ಕಿಂತ ಗಟ್ಟಿಯಾಗಿರಬೇಕು. ಕಕ್ಷೆಗೆ ಖರ್ಚು ಮಾಡುವ ಪ್ರತಿ ರೂಪಾಯಿಯ ಜೊತೆಗೆ ಪಂಚಾಯಿತಿಯ ಮಳೆಮಾಪಕಕ್ಕೂ ಒಂದು ಪಾಲು ಎತ್ತಿಡುವುದು ವಿಜ್ಞಾನಕ್ಕೂ ಬೇಕು, ರೈತನಿಗೆ ಸಲ್ಲಬೇಕಾದ ನ್ಯಾಯಕ್ಕೂ ಬೇಕು.